ಹೆಡ್ ಕೆಲಸ ಆದ ಮೇಲೆ ಮಾರುತಿ 800 ಎಳೀತಿಲ್ಲ: ಟೈಮಿಂಗ್ ಕರೆಕ್ಟಾಗಿದೆ ಅಂತ ಖಚಿತ ಮಾಡ್ಕೊಳ್ಳೋದು ಹೇಗೆ?

ಮಂಡಿಪೇಟೆ ಗ್ಯಾರೇಜ್ (ದಾವಣಗೆರೆ)

ಎಲ್ರಿಗೂ ನಮಸ್ಕಾರ. ಗಾಡಿ ಮಾರುತಿ 800, ಕಾರ್ಬ್ಯುರೇಟರ್ ಮಾಡೆಲ್, 796 ಸಿಸಿ. ಹೆಡ್ ಗ್ಯಾಸ್ಕೆಟ್ ಹೋಗಿತ್ತು. ಹೆಡ್ ಫೇಸಿಂಗ್‌ಗೆ (ಹೆಡ್ಡಿನ ತಳ ಸಮ ಮಾಡೋದು) 0.2 ಮಿ.ಮೀ. ತೆಗೆಸಿ, ವಾಲ್ವ್ ಗ್ರೈಂಡಿಂಗ್ ಮಾಡಿಸಿ, ಹೊಸ ಟೈಮಿಂಗ್ ಬೆಲ್ಟ್, ಹೊಸ ಟೆನ್ಷನರ್ ಬೇರಿಂಗ್ ಹಾಕಿದ್ದೀನಿ. ಬೆಲ್ಟ್ ಏರಿಸುವಾಗ ಕ್ರ್ಯಾಂಕ್ (ಪಿಸ್ಟನ್ ತಿರುಗಿಸೋ ಶಾಫ್ಟ್) ಮಾರ್ಕು, ಕ್ಯಾಮ್ (ವಾಲ್ವ್ ತೆರೆಯೋ ಶಾಫ್ಟ್) ಮಾರ್ಕು ಎರಡೂ ಕೂಡಿದ್ವು. ಟೆನ್ಷನರ್ ಟೈಟ್ ಮಾಡಿ ಕವರ್ ಮುಚ್ಚಿದೆ.

ಸ್ಟಾರ್ಟಿಂಗ್ ಚೆನ್ನಾಗಿದೆ, ಮಿಸ್ಸಿಂಗ್ ಇಲ್ಲ. ಊರೊಳಗೆ ಒಬ್ರೇ ಓಡಿಸಿದ್ರೆ ಏನೂ ಗೊತ್ತಾಗಲ್ಲ. ನಾಲ್ಕು ಜನ ಕೂತು ದುರ್ಗದ ಕಡೆ ಹೈವೇ ಏರು ಹತ್ತಿದ್ರೆ ಮೂರನೇ ಗೇರಲ್ಲೇ ಉಸಿರು ಕಟ್ಟುತ್ತೆ, ಬಿಸಿನೂ ಬೇಗ ಏರುತ್ತೆ. ನೋಡಿರೋ ರೀಡಿಂಗ್‌ಗಳು ಇವು:

ಕಂಪ್ರೆಷನ್ ಮೂರೂ ಸಿಲಿಂಡರಲ್ಲಿ 125ರ ಆಸುಪಾಸು ಪಿಎಸ್ಐ. ಒಂದಕ್ಕೊಂದು ವ್ಯತ್ಯಾಸ ಇಲ್ಲ.
ಐಡ್ಲಿಂಗಲ್ಲಿ ಇನ್‌ಲೆಟ್ ಮ್ಯಾನಿಫೋಲ್ಡಿನ ವ್ಯಾಕ್ಯೂಮ್ (ಎಳೆತ) 13 ಇಂಚು ಪಾದರಸ. ಮುಳ್ಳು ಅಲುಗಾಡಲ್ಲ.
ಟೈಮಿಂಗ್ ಲೈಟ್ (ಕಿಡಿ ಬಿದ್ದಾಗ ಮಿಂಚೋ ದೀಪ) ಹಿಡಿದ್ರೆ ಮಾರ್ಕ್ ಬರುತ್ತೆ, ಆದ್ರೆ ಪ್ಲಗ್ಗಿಗೆ ಕಿಡಿ ಹಂಚೋ ಡಿಸ್ಟ್ರಿಬ್ಯೂಟರನ್ನ ಅಡ್ವಾನ್ಸ್ ಕಡೆ (ಕಿಡಿ ಮುಂಚೆ ಬರೋ ಕಡೆ) ಸ್ಲಾಟ್ ಕೊನೆವರೆಗೂ ತಿರುಗಿಸಿದ್ರೆ ಮಾತ್ರ.

ಹೆಡ್ ಫೇಸಿಂಗಿಂದ ಟೈಮಿಂಗ್ ಆಚೀಚೆ ಆಗಿರಬಹುದಾ? ಬೆಲ್ಟ್ ಮತ್ತೆ ಬಿಚ್ಚೋಕೆ ಮುಂಚೆ ತಪ್ಪು ಎಲ್ಲಿದೆ ಅಂತ ಅಳೆದು ನೋಡೋ ದಾರಿ ಇದ್ರೆ ತಿಳಿಸಿ.

ದುರ್ಗದ ಡಯಲ್ ಗೇಜ್ (ಚಿತ್ರದುರ್ಗ)

ಅಣ್ಣ, ನೀವು ಕೊಟ್ಟಿರೋ ಮೂರು ರೀಡಿಂಗೂ ಒಂದೇ ಕಡೆ ಬೆರಳು ತೋರಿಸ್ತಿವೆ. ಕ್ಯಾಮ್ ಹಿಂದೆ ಬಿದ್ದಿದೆ, ಬಹುಶಃ ಒಂದು ಹಲ್ಲು.

ಮೊದಲು ಡಿಸ್ಟ್ರಿಬ್ಯೂಟರ್ ವಿಷಯ. ಈ ಇಂಜಿನಲ್ಲಿ ಡಿಸ್ಟ್ರಿಬ್ಯೂಟರ್ ತಿರುಗೋದು ಕ್ಯಾಮ್‌ಶಾಫ್ಟಿಂದ. ಬೆಲ್ಟ್ ಒಂದು ಹಲ್ಲು ಹಿಂದೆ ಕೂತ್ರೆ ವಾಲ್ವ್ ಜೊತೆಗೆ ಕಿಡಿಯೂ ಅಷ್ಟೇ ಹಿಂದೆ ಬೀಳುತ್ತೆ. ಆಮೇಲೆ ಟೈಮಿಂಗ್ ಲೈಟ್ ಹಿಡಿದು ಡಿಸ್ಟ್ರಿಬ್ಯೂಟರ್ ತಿರುಗಿಸಿದಾಗ ಕಿಡಿ ಮಾತ್ರ ಜಾಗಕ್ಕೆ ಬಂತು, ವಾಲ್ವ್ ಇದ್ದಲ್ಲೇ ಉಳೀತು. ಅದಕ್ಕೇ ಲೈಟಲ್ಲಿ ಮಾರ್ಕ್ ಸರಿ ಕಾಣ್ತಿದೆ, ಗಾಡಿ ಎಳೀತಿಲ್ಲ. ಕ್ಯಾಮಿಂದ ಡಿಸ್ಟ್ರಿಬ್ಯೂಟರ್ ಓಡೋ ಯಾವ ಇಂಜಿನಲ್ಲೇ ಆಗ್ಲಿ, ಬೋಲ್ಟು ಸ್ಲಾಟಿನ ತುದಿಗೆ ಬಂತು ಅಂದ್ರೆ ಕೈ ನಿಲ್ಲಿಸಿ ಬೆಲ್ಟ್ ಕಡೆ ನೋಡ್ಬೇಕು. ಎಲ್ಲ ಸರಿ ಇದ್ದಾಗ ಬೋಲ್ಟು ಸ್ಲಾಟಿನ ನಡುವಿನ ಆಸುಪಾಸಲ್ಲೇ ನಿಲ್ಲುತ್ತೆ.

ಒಂದು ಹಲ್ಲಿಗೆ ಎಷ್ಟು ಡಿಗ್ರಿ ಅನ್ನೋದು ಸುಲಭ ಲೆಕ್ಕ. 360ನ್ನ ಕ್ರ್ಯಾಂಕ್ ಸ್ಪ್ರಾಕೆಟ್ಟಿನ ಹಲ್ಲಿಂದ ಭಾಗಿಸಿ. 20 ಹಲ್ಲಿದ್ರೆ 18 ಡಿಗ್ರಿ. ಕ್ಯಾಮ್ ಪುಲ್ಲಿಗೆ ಯಾವಾಗ್ಲೂ ಅದರ ಎರಡರಷ್ಟು ಹಲ್ಲು, ವೇಗ ಅರ್ಧ. ಹಾಗಾಗಿ ಕ್ಯಾಮಲ್ಲಿ 9 ಡಿಗ್ರಿ ತಪ್ಪಿದ್ರೂ ಕ್ರ್ಯಾಂಕ್ ಲೆಕ್ಕದಲ್ಲಿ ಅದೇ 18. ಡಿಸ್ಟ್ರಿಬ್ಯೂಟರ್ ಕೂಡ ಅರ್ಧ ವೇಗದ್ದು, ಅಂದ್ರೆ ಬಾಡಿಯನ್ನ 9 ಡಿಗ್ರಿ ತಿರುಗಿಸಿದ್ರೆ ಆ ಇಡೀ ತಪ್ಪು ಲೈಟಿನ ಕಣ್ಣಿಗೆ ಬೀಳದಂಗೆ ಮುಚ್ಚಿಹೋಗುತ್ತೆ.

ಕಂಪ್ರೆಷನ್: ಕ್ಯಾಮ್ ತಡ ಆದ್ರೆ ಇನ್‌ಲೆಟ್ ವಾಲ್ವ್ ಮುಚ್ಚೋದೂ ತಡ. ಪಿಸ್ಟನ್ ಮೇಲೆ ಬರುವಾಗ ತುಂಬಿಕೊಂಡ ಗಾಳಿ ಸ್ವಲ್ಪ ವಾಪಸ್ ಮ್ಯಾನಿಫೋಲ್ಡಿಗೆ ಹೋಗುತ್ತೆ. ಸ್ಟಾರ್ಟರ್ ವೇಗದಲ್ಲಿ ಇದು ಎದ್ದು ಕಾಣುತ್ತೆ, ಎಲ್ಲಾ ಸಿಲಿಂಡರಲ್ಲೂ ಸಮನಾಗಿ ಕಾಣುತ್ತೆ. ಹೊಸದಾಗಿ ವಾಲ್ವ್ ಕೂರಿಸಿರೋ ಹೆಡ್ಡಿಗೆ 150 ಕೂಡ ದಾಟದಿದ್ರೆ ಅನುಮಾನ ಪಡಬೇಕು. ರಿಂಗ್ ಸವೆದಿದೆಯೋ ಏನೋ ಅಂತ ನೋಡೋಕೆ ಪ್ಲಗ್ ತೂತಲ್ಲಿ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೀರಿ. ರಿಂಗಿನ ದೋಷ ಆದ್ರೆ ರೀಡಿಂಗ್ ಚೆನ್ನಾಗಿ ಏರುತ್ತೆ, ಕ್ಯಾಮಿನ ದೋಷ ಆದ್ರೆ ಅಷ್ಟಾಗಿ ಏರಲ್ಲ. ಅಳೆಯುವಾಗ ಮೂರೂ ಪ್ಲಗ್ ಹೊರಗಿರಲಿ, ಕಾಯಿಲ್ ವೈರ್ ಬಿಚ್ಚಿರಲಿ, ಆಕ್ಸಿಲರೇಟರ್ ಪೂರ್ತಿ ತುಳಿದಿರಲಿ, ಬ್ಯಾಟರಿ ಫುಲ್ ಇರಲಿ. ಆಕ್ಸಿಲರೇಟರ್ ತುಳೀದೆ ಅಳೆದ ಕಂಪ್ರೆಷನ್ನಿಗೆ ಬೆಲೆ ಇಲ್ಲ.

ವ್ಯಾಕ್ಯೂಮ್: ಕಂಪನಿ ಪುಸ್ತಕದ ಅಂಕಿ ಸಮುದ್ರ ಮಟ್ಟದ್ದು, ಸುಮಾರು 18ರಿಂದ 21 ಇಂಚು. ಸಾವಿರ ಅಡಿಗೆ ಹತ್ತಿರ ಹತ್ತಿರ ಒಂದು ಇಂಚು ಕಳೀಬೇಕು. ದಾವಣಗೆರೆ ಸುಮಾರು 600 ಮೀಟರ್ ಎತ್ತರದಲ್ಲಿದೆ, ಅಂದ್ರೆ ಎರಡು ಇಂಚು ಕಡಿಮೆ. ನಮ್ಮ ದುರ್ಗದಲ್ಲಿ 730 ಮೀಟರ್, ಎರಡೂವರೆ ಹತ್ರ. ಅಲ್ಲಿಗೆ ನಿಮ್ಮಲ್ಲಿ 16ರಿಂದ 19 ಬಂದ್ರೆ ಸರಿ. 13 ಇದ್ದು, ಅದೂ ಅಲುಗಾಡದೆ ನಿಂತಿದ್ರೆ ಟೈಮಿಂಗ್ ತಡ ಅಂತಲೇ ಓದ್ಬೇಕು. ವಾಲ್ವ್ ಸುಟ್ಟಿದ್ರೆ ಮುಳ್ಳು ತಾಳ ಹಾಕಿದಂಗೆ ಕುಣಿಯುತ್ತೆ. ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಲೀಕಿದ್ರೂ ಸ್ಥಿರವಾಗಿ ಕಡಿಮೆ ತೋರಿಸಬಹುದು, ಅದಕ್ಕೆ ಗ್ಯಾಸ್ಕೆಟ್ ಸುತ್ತ ಕಾರ್ಬ್ ಕ್ಲೀನರ್ ಸ್ವಲ್ಪ ಹೊಡೆದು ಐಡ್ಲಿಂಗ್ ಬದಲಾಗುತ್ತಾ ನೋಡಿ. ಬಿಸಿ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಮೇಲೆ ಬೀಳದಂಗೆ ಹುಷಾರಾಗಿ ಹೊಡೀರಿ.

ಎತ್ತರದ ಲೆಕ್ಕ ಕಂಪ್ರೆಷನ್ನಿಗೂ ಇದೆ. ನಿಮ್ಮಲ್ಲಿ ಗಾಳಿಯ ಒತ್ತಡವೇ ಶೇಕಡ 7ರಷ್ಟು ಕಡಿಮೆ. ಆದ್ರೆ 125ಕ್ಕೆ ಇಳಿಯೋಕೆ ಅದೊಂದೇ ಕಾರಣ ಆಗಲ್ಲ.

ಹರಿಹರ ಲೇತ್

ಫೇಸಿಂಗ್ ಬಗ್ಗೆ ಕೇಳಿದ್ರಲ್ಲ, ಲೆಕ್ಕ ಹಾಕಿಯೇ ನೋಡ್ರಿ. ಹೆಡ್ 0.2 ಮಿ.ಮೀ. ಕೆಳಗೆ ಬಂದ್ರೆ ಕ್ಯಾಮೂ ಕ್ರ್ಯಾಂಕಿಗೆ ಅಷ್ಟೇ ಹತ್ರ ಬರ್ತದೆ. ಎಳೆಯೋ ಬದಿಯ ಬೆಲ್ಟಿನ ಉದ್ದ ಅಷ್ಟೇ ಇರೋದ್ರಿಂದ ಆ ಸಡಿಲು ಹೋಗೋಕೆ ಕ್ಯಾಮ್ ಹಿಂದಕ್ಕೆ ತಿರುಗ್ಬೇಕು. ಕ್ಯಾಮ್ ಪುಲ್ಲಿಯ ಅರ್ಧವ್ಯಾಸ 60 ಮಿ.ಮೀ. ಅಂತ ಇಟ್ಕೊಂಡ್ರೆ ಕ್ಯಾಮಲ್ಲಿ 0.2 ಡಿಗ್ರಿ, ಕ್ರ್ಯಾಂಕಲ್ಲಿ 0.4 ಡಿಗ್ರಿ. ಇದರಿಂದ ಏರಲ್ಲಿ ಗಾಡಿ ಸಾಯಲ್ಲ. ಎರಡು ಮೂರು ಸಲ ಫೇಸಿಂಗ್ ಆಗಿ ಒಟ್ಟು ಒಂದು ಮಿ.ಮೀ. ಹತ್ರ ಹೋಗಿದ್ರೂ ಎರಡು ಡಿಗ್ರಿ ಅಷ್ಟೆ. ಹಂಗಾಗಿ ಹೆಡ್ ಮೇಲೆ ತಪ್ಪು ಹೊರಿಸ್ಬೇಡ್ರಿ.

ಬೆಲ್ಟ್ ಬಿಚ್ಚೋ ಮುಂಚೆ ಒಂದನೇ ಸಿಲಿಂಡರಿನ ನಿಜವಾದ ಟಿಡಿಸಿ (ಪಿಸ್ಟನ್ ಪೂರ್ತಿ ಮೇಲೆ ಬಂದ ಜಾಗ) ಯಾವ್ದು ಅಂತ ಖಚಿತ ಮಾಡ್ಕೊಳ್ಳಿ. ಪ್ಲಗ್ ತೂತಲ್ಲಿ ಸ್ಕ್ರೂಡ್ರೈವರ್ ಬಿಟ್ಟು 'ಇನ್ನು ಏರಲ್ಲ, ಇದೇ ಟಿಡಿಸಿ' ಅನ್ನೋ ಪದ್ಧತಿ ಎಲ್ಲಾ ಕಡೆ ಐತೆ. ಅದು ನಂಬೋ ಹಂಗಿಲ್ಲ. ಈ ಇಂಜಿನ್ ಸ್ಟ್ರೋಕ್ 72 ಮಿ.ಮೀ. ಟಿಡಿಸಿಯಿಂದ 5 ಡಿಗ್ರಿ ದೂರ ಇದ್ರೂ ಪಿಸ್ಟನ್ ಇಳಿದಿರೋದು ಸುಮಾರು 0.2 ಮಿ.ಮೀ. ಮಾತ್ರ. ಅದು ಕೈಗೆ ಗೊತ್ತಾಗೋ ಅಳತೆಯೇ ಅಲ್ಲ.

ಅದಕ್ಕೆ ಪಿಸ್ಟನ್ ಸ್ಟಾಪ್ ಮಾಡ್ಸಿ. ಹಳೇ 14 ಮಿ.ಮೀ. ಪ್ಲಗ್ಗಿನ ಪಿಂಗಾಣಿ ಒಡೆದು, ಒಳಗೆ ಟ್ಯಾಪ್ ಹೊಡೆದು, ತುದಿ ಗುಂಡಗೆ ಮಾಡಿದ ಬೋಲ್ಟ್ ಕೂರಿಸಿ ನಟ್ಟಿಂದ ಲಾಕ್ ಮಾಡ್ಬೇಕು. ತುದಿ ಹಿತ್ತಾಳೆದಾದ್ರೆ ಇನ್ನೂ ಒಳ್ಳೇದು. ನಮ್ಮ ಹರಿಹರದಲ್ಲಿ ಯಾವ ಲೇತ್ ಅಂಗಡಿಗೆ ಹೋದ್ರೂ ನಿಂತಲ್ಲೇ ಮಾಡ್ಕೊಡ್ತಾರೆ. ಬ್ಯಾಟರಿ ಟರ್ಮಿನಲ್ ಬಿಚ್ಚಿಡಿ, ಇದು ಒಳಗಿದ್ದಾಗ ಸ್ಟಾರ್ಟರ್ ಹೊಡೆದ್ರೆ ಪಿಸ್ಟನ್ ತೂತಾಗ್ತದೆ. ಮೂರೂ ಪ್ಲಗ್ ತೆಗೆದು, ಪಿಸ್ಟನ್ ಕೆಳಗಿರುವಾಗ ಸ್ಟಾಪ್ ಹಾಕಿ. ಕ್ರ್ಯಾಂಕ್ ಬೋಲ್ಟಿಗೆ ಸಾಕೆಟ್ ಹಾಕಿ ಪಿಸ್ಟನ್ ಮೆತ್ತಗೆ ತಾಗೋವರೆಗೆ ತಿರುಗಿಸಿ ಪುಲ್ಲಿ ಮೇಲೆ ಒಂದು ಗೀರು. ಆಮೇಲೆ ಎದುರು ದಿಕ್ಕಿಗೆ ತಿರುಗಿಸಿ ಮತ್ತೆ ತಾಗಿದಲ್ಲಿ ಇನ್ನೊಂದು ಗೀರು. ಎರಡು ಗೀರಿನ ಸರಿಯಾದ ನಡುವೇ ಟಿಡಿಸಿ. ಪ್ಲಗ್ ತೂತು ಓರೆ ಇದ್ರೂ ತೊಂದ್ರೆ ಇಲ್ಲ, ತಪ್ಪು ಎರಡೂ ಕಡೆ ಸಮ ಬರ್ತದೆ, ನಡುವು ಕದಲಲ್ಲ. ಎದುರು ದಿಕ್ಕಿಗೆ ತಿರುಗಿಸುವಾಗ ಬೋಲ್ಟೇ ಸಡಿಲ ಆಗೋ ಸಾಧ್ಯತೆ ಐತೆ, ಹಂಗಾದ್ರೆ ಟಾಪ್ ಗೇರ್ ಹಾಕಿ ಒಂದು ಚಕ್ರ ಜಾಕ್ ಕೊಟ್ಟು ಚಕ್ರದಿಂದ ತಿರುಗಿಸಿ.

ಪುಲ್ಲಿ ಮೇಲೆ ಡಿಗ್ರಿ ಓದೋಕೆ ಡಿಗ್ರಿ ವೀಲ್ ಬೇಕೇ ಬೇಕು ಅಂತಿಲ್ಲ. ಪುಲ್ಲಿ ವ್ಯಾಸ ಅಳೆದು 3.14ರಿಂದ ಗುಣಿಸಿ 360ರಿಂದ ಭಾಗಿಸಿ. ವ್ಯಾಸ 140 ಮಿ.ಮೀ. ಇದ್ರೆ ಒಂದು ಡಿಗ್ರಿಗೆ 1.22 ಮಿ.ಮೀ. ಕಾಗದದ ಪಟ್ಟಿ ಮೇಲೆ ಗೆರೆ ಎಳೆದು ಅಂಟಿಸಿದ್ರೆ ಆಯ್ತು.

ಸಿಕ್ಕ ಟಿಡಿಸಿಯಲ್ಲಿ ಇಂಜಿನ್ ನಿಲ್ಲಿಸಿ, ಗೇರ್‌ಬಾಕ್ಸ್ ಕಡೆ ರಬ್ಬರ್ ಬುಚ್ ತೆಗೆದು ಫ್ಲೈವೀಲ್ ಮಾರ್ಕ್ ನೋಡಿ. ಎರಡೂ ಕೂಡಿದ್ರೆ ಮಾರ್ಕ್ ನಂಬಬಹುದು. ಬೇರೆ ಗಾಡಿಗಳಲ್ಲಿ ಮಾರ್ಕು ಮುಂದಿನ ಪುಲ್ಲಿ ಮೇಲಿದ್ದು, ಆ ಪುಲ್ಲಿ ರಬ್ಬರ್ ಹಾಕಿದ ಎರಡು ತುಂಡಿನದಾದ್ರೆ ಈ ಪರೀಕ್ಷೆ ಬಿಡ್ಲೇಬಾರ್ದು. ರಬ್ಬರ್ ಬಿಟ್ಕೊಂಡು ಹೊರಗಿನ ಬಳೆ ಜಾರಿದ್ರೆ ಮಾರ್ಕ್ ಹತ್ತು ಹದಿನೈದು ಡಿಗ್ರಿ ಸುಳ್ಳು ಹೇಳ್ತದೆ, ನೋಡೋಕೆ ಮಾತ್ರ ಏನೂ ಆಗಿಲ್ಲ ಅನ್ನಿಸ್ತದೆ.

ಈಗ ಮುಖ್ಯ ಪರೀಕ್ಷೆ, ಇದಕ್ಕೆ ಕಂಪನಿ ಅಂಕಿನೂ ಬೇಕಿಲ್ಲ. ಟ್ಯಾಪೆಟ್ ಗ್ಯಾಪ್ (ವಾಲ್ವಿಗೂ ಅದನ್ನ ಒತ್ತೋ ರಾಕರಿಗೂ ನಡುವಿನ ಸಂದು) ಸರಿ ಮಾಡ್ಕೊಳ್ಳಿ. ಒಂದನೇ ಸಿಲಿಂಡರ್ ಕಂಪ್ರೆಷನ್ ಟಿಡಿಸಿಗೆ ತನ್ನಿ, ಎರಡೂ ರಾಕರ್ ಸಡಿಲ ಇರ್ತವೆ. (ಮೂರು ಸಿಲಿಂಡರ್ ಇಂಜಿನಲ್ಲಿ ಒಂದರ ಜೊತೆ ಇನ್ನೊಂದು ಪಿಸ್ಟನ್ ಮೇಲೆ ಬರಲ್ಲ, ನಾಲ್ಕನೇದರ ವಾಲ್ವ್ ನೋಡಿ ಒಂದನೇದನ್ನ ಹೇಳೋ ಅಭ್ಯಾಸ ಇಲ್ಲಿ ನಡೆಯಲ್ಲ.) ಇನ್‌ಲೆಟ್, ಎಕ್ಸಾಸ್ಟ್ ಎರಡೂ ವಾಲ್ವ್ ರಿಟೇನರ್ (ಸ್ಪ್ರಿಂಗ್ ಹಿಡಿಯೋ ಬಿಲ್ಲೆ) ಮೇಲೆ ಡಯಲ್ ಗೇಜ್ ಇಟ್ಟು ಸೊನ್ನೆ ಮಾಡಿ. ಕ್ರ್ಯಾಂಕ್ ಸರಿಯಾಗಿ ಒಂದು ಸುತ್ತು ತಿರುಗಿಸಿ ಮತ್ತೆ ಟಿಡಿಸಿಯಲ್ಲಿ ನಿಲ್ಲಿಸಿ. ಇದು ಓವರ್‌ಲ್ಯಾಪ್ ಜಾಗ: ಎಕ್ಸಾಸ್ಟ್ ಮುಚ್ಚುತ್ತಾ ಇರ್ತದೆ, ಇನ್‌ಲೆಟ್ ತೆರೀತಾ ಇರ್ತದೆ. ಕ್ಯಾಮ್ ಜಾಗದಲ್ಲಿದ್ರೆ ಎರಡೂ ಹೆಚ್ಚುಕಮ್ಮಿ ಒಂದೇ ಅಷ್ಟು ಎದ್ದಿರ್ತವೆ. ಎಕ್ಸಾಸ್ಟ್ ಜಾಸ್ತಿ ಎದ್ದಿದ್ದು ಇನ್‌ಲೆಟ್ ಇನ್ನೂ ಮಲಗಿದ್ರೆ ಕ್ಯಾಮ್ ತಡ. ಉಲ್ಟಾ ಇದ್ರೆ ಕ್ಯಾಮ್ ಮುಂದೆ. ಇದನ್ನೆಲ್ಲ ವಾಲ್ವ್ ಕವರ್ ಒಂದೇ ತೆಗೆದು ಮಾಡಬಹುದು.

ಹಿರಿಯೂರು ಸ್ಕ್ಯಾನರ್

ಈ ಕಾರಿಗೆ ಹರಿಹರದವರ ಮಾತಿನ ಮೇಲೆ ನಾನು ಸೇರಿಸೋದು ಏನೂ ಇಲ್ಲ. ಹುಡುಕ್ಕೊಂಡು ಬರೋರಲ್ಲಿ ಚೈನ್ ಇಂಜಿನ್ ಇರೋರೂ ಇರ್ತಾರೆ, ಅವರಿಗೆ ಸ್ವಲ್ಪ.

ಪ್ಲಗ್ ಮೇಲೇ ಕಾಯಿಲ್ ಕೂರೋ ಗಾಡಿಗಳಲ್ಲಿ ಕಿಡಿಯ ಟೈಮಿಂಗನ್ನ ಇಸಿಯು (ಇಂಜಿನ್ ಕಂಪ್ಯೂಟರ್) ನೋಡ್ಕೊಳ್ಳುತ್ತೆ, ತಿರುಗಿಸೋಕೆ ಏನೂ ಇರಲ್ಲ. ಅಲ್ಲಿ ಪ್ರಶ್ನೆ ಕ್ರ್ಯಾಂಕಿಗೂ ಕ್ಯಾಮಿಗೂ ಹೊಂದಿಕೆ ಇದೆಯಾ ಅನ್ನೋದು ಮಾತ್ರ. ಸ್ಕ್ಯಾನರಲ್ಲಿ ಪಿ0016 ಕೋಡ್ ಬಂದ್ರೆ ಆ ಹೊಂದಿಕೆ ತಪ್ಪಿದೆ ಅಂತ ಅರ್ಥ. ಕೋಡ್ ಕಂಡ ತಕ್ಷಣ ಸೆನ್ಸರ್ ಬದಲಿಸೋದು ದುಡ್ಡು ದಂಡ. ಎರಡು ಚಾನೆಲ್ ಸ್ಕೋಪಲ್ಲಿ ಕ್ರ್ಯಾಂಕ್, ಕ್ಯಾಮ್ ಸೆನ್ಸರ್ ಎರಡನ್ನೂ ಒಟ್ಟಿಗೆ ಹಿಡಿದು, ಅದೇ ಮಾಡೆಲ್ಲಿನ ಸರಿಯಿರೋ ಗಾಡಿಯ ಚಿತ್ರದ ಪಕ್ಕ ಇಟ್ಟು, ಕ್ರ್ಯಾಂಕ್ ಹಲ್ಲು ಇಲ್ಲದ ಜಾಗದಿಂದ ಕ್ಯಾಮ್ ಸಿಗ್ನಲ್ ಏರೋ ಅಂಚಿನವರೆಗೆ ಹಲ್ಲು ಎಣಿಸಿ. 60ರಲ್ಲಿ ಎರಡು ಹಲ್ಲು ಬಿಟ್ಟಿರೋ ಚಕ್ರ ಆದ್ರೆ ಒಂದು ಹಲ್ಲಿಗೆ 6 ಡಿಗ್ರಿ. ಚೈನ್ ಹಿಗ್ಗಿದ್ರೆ ಕ್ಯಾಮ್ ಸಿಗ್ನಲ್ ತಡ ಆಗಿರುತ್ತೆ. ಬೆಳಗ್ಗೆ ಮೊದಲ ಸ್ಟಾರ್ಟಲ್ಲಿ ಎರಡು ಮೂರು ಸೆಕೆಂಡ್ ಗಲಗಲ ಸದ್ದು ಬಂದು ನಿಂತ್ರೆ ಟೆನ್ಷನರ್ ಮೇಲೆ ಕಣ್ಣಿಡಿ, ಆಯಿಲ್ ಪ್ರೆಷರ್ ಬರೋವರೆಗೆ ಚೈನ್ ಸಡಿಲ ಇದೆ ಅಂತ ಅದು ಹೇಳ್ತಿದೆ. ಆಯಿಲ್ ಬದಲಿಸೋದನ್ನ ಮುಂದಕ್ಕೆ ಹಾಕ್ತಾ ಹೋದ ಗಾಡಿಗಳಲ್ಲಿ ಇದು ಬೇಗ ಬರುತ್ತೆ.

1.3 ಮಲ್ಟಿಜೆಟ್ ಡೀಸೆಲ್ (ಡಿಡಿಐಎಸ್, ಕ್ವಾಡ್ರಾಜೆಟ್ ಅಂತ ಬಂದವೂ ಇದೇ) ಬಿಚ್ಚುವಾಗ ಕ್ರ್ಯಾಂಕಿಗೂ ಕ್ಯಾಮಿಗೂ ಲಾಕಿಂಗ್ ಪಿನ್ ಸೆಟ್ ಬೇಕೇ ಬೇಕು. ಪೇಂಟ್ ಗುರುತು ಹಾಕ್ಕೊಂಡು ಚೈನ್ ಬಿಚ್ಚೋ ಧೈರ್ಯ ಮಾಡ್ಬೇಡಿ, ಅಂದಾಜು ತಪ್ಪಿದ್ರೆ ವಾಲ್ವ್ ಹೋಗಿ ಪಿಸ್ಟನ್ನಿಗೆ ಬಡಿಯುತ್ತೆ.

ಒಂದು ಕಾಯಿಲ್ಲಿಂದ ಎರಡು ಪ್ಲಗ್ಗಿಗೆ ಒಟ್ಟಿಗೆ ಕಿಡಿ ಹೋಗೋ ಗಾಡಿಯಲ್ಲಿ ಟೈಮಿಂಗ್ ಲೈಟ್ ಹಿಡಿದ್ರೆ ಎಕ್ಸಾಸ್ಟ್ ಸ್ಟ್ರೋಕಲ್ಲೂ ಬೆಳಕು ಹೊಡೆಯುತ್ತೆ. ಡಯಲ್ ಇರೋ ಲೈಟು ಆಗ ಆರ್‌ಪಿಎಂ ದುಪ್ಪಟ್ಟು ತೋರಿಸುತ್ತೆ, ಅಡ್ವಾನ್ಸ್ ಅಂಕಿನೂ ತಪ್ಪುತ್ತೆ. ಲೈಟಲ್ಲಿ 2 ಸ್ಟ್ರೋಕ್ ಸೆಟ್ಟಿಂಗ್ ಇದ್ರೆ ಅದಕ್ಕೆ ಹಾಕಿ. ಇಲ್ಲಾಂದ್ರೆ ಡಯಲನ್ನ ಸೊನ್ನೆಗೆ ಇಟ್ಟು ಪುಲ್ಲಿ ಮೇಲಿನ ಗೆರೆಯನ್ನೇ ಓದಿ.

ಮಂಡಿಪೇಟೆ ಗ್ಯಾರೇಜ್ (ದಾವಣಗೆರೆ)

ಎಲ್ಲರಿಗೂ ಧನ್ಯವಾದ. ಪಿಸ್ಟನ್ ಸ್ಟಾಪ್ ಹಾಕಿ ನೋಡಿದ್ರೆ ಫ್ಲೈವೀಲ್ ಮಾರ್ಕ್ ಒಂದು ಡಿಗ್ರಿ ಒಳಗೇ ಸರಿ ಇದೆ. ಓವರ್‌ಲ್ಯಾಪಲ್ಲಿ ಎಕ್ಸಾಸ್ಟ್ 1.9 ಮಿ.ಮೀ., ಇನ್‌ಲೆಟ್ 0.1 ಮಿ.ಮೀ. ಆಯಿಲ್ ಬಿಟ್ಟು ಅಳೆದ್ರೂ ಕಂಪ್ರೆಷನ್ ಏರಲಿಲ್ಲ. ಕವರ್ ತೆಗೆದು ಕ್ರ್ಯಾಂಕ್ ಎರಡು ಸುತ್ತು ತಿರುಗಿಸಿ ನೋಡಿದೆ, ಕ್ಯಾಮ್ ಮಾರ್ಕ್ ಒಂದು ಹಲ್ಲು ಹಿಂದೆ ನಿಲ್ತಿದೆ. ಬೆಲ್ಟ್ ಹಾಕುವಾಗ ಎರಡೂ ಕೂಡಿದ್ವು, ಆಮೇಲೆ ಹೇಗೆ ಹಿಂದೆ ಹೋಯ್ತು? ಮತ್ತೆ ಕೂರಿಸುವಾಗ ಇದೇ ಆಗದಂಗೆ ಏನು ಮಾಡ್ಬೇಕು?

ದುರ್ಗದ ಡಯಲ್ ಗೇಜ್ (ಚಿತ್ರದುರ್ಗ)

ಟೆನ್ಷನರ್ ಇರೋದು ಬೆಲ್ಟಿನ ಒಂದೇ ಬದಿಗೆ. ಎದುರು ಬದಿ ಎಳೆಯೋ ಬದಿ, ಅಲ್ಲಿ ಕೂದಲಷ್ಟೂ ಸಡಿಲು ಇರಬಾರದು. ಬೆಲ್ಟ್ ಏರಿಸುವಾಗ ಸಡಿಲು ಆ ಬದಿಗೆ ಉಳಿದಿದ್ರೂ ಮಾರ್ಕ್ ಕೂಡಿದಂಗೆ ಕಾಣುತ್ತೆ. ಇಂಜಿನ್ ತಿರುಗಿದ ಕೂಡ್ಲೇ ಕ್ರ್ಯಾಂಕ್ ಮೊದಲು ಆ ಸಡಿಲನ್ನ ಎಳ್ಕೊಳ್ಳುತ್ತೆ, ಕ್ಯಾಮ್ ಅಷ್ಟು ಹಿಂದೆ ಉಳಿಯುತ್ತೆ. ವಾಲ್ವ್ ಸ್ಪ್ರಿಂಗ್ ಕೂಡ ಕ್ಯಾಮನ್ನ ಒಂದು ಕಡೆಗೆ ತಳ್ಳುತ್ತಿರುತ್ತೆ, ಕೈ ಬಿಟ್ಟ ತಕ್ಷಣ ಪುಲ್ಲಿ ಅರ್ಧ ಹಲ್ಲು ಜರುಗುತ್ತೆ. ಇನ್ನೊಂದು, ಈ ಗಾಡಿಯಲ್ಲಿ ಮಾರ್ಕನ್ನ ಮೇಲಿಂದ ಬಗ್ಗಿ ಓರೆಯಾಗಿ ನೋಡ್ತೀವಿ. ಓರೆಯಲ್ಲಿ ಅರ್ಧ ಹಲ್ಲಿನ ತಪ್ಪು ಕಣ್ಣಿಗೆ ಸಿಗಲ್ಲ. ಮೊಬೈಲನ್ನ ಪುಲ್ಲಿಯ ನೇರಕ್ಕೆ ಹಿಡಿದು ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ.

ಕೂರಿಸೋ ಕ್ರಮ ಹೀಗಿರಲಿ. ಮೊದಲು ಎಲ್ಲಾ ಟ್ಯಾಪೆಟ್ ಸ್ಕ್ರೂಗಳನ್ನ ಪೂರ್ತಿ ಸಡಿಲ ಮಾಡಿ, ಕ್ಯಾಮ್ ಕೈಯಲ್ಲಿ ಸಲೀಸಾಗಿ ತಿರುಗಬೇಕು, ಎಲ್ಲಿ ಬಿಟ್ರೆ ಅಲ್ಲೇ ನಿಲ್ಲಬೇಕು. ಇದೊಂದು ಕೆಲಸ ಬಿಟ್ಟು ಮುಂದೆ ಹೋಗೋದ್ರಿಂದಲೇ ಅರ್ಧ ತಪ್ಪುಗಳು ಬರೋದು. ಕ್ರ್ಯಾಂಕ್ ಸ್ಪ್ರಾಕೆಟ್ಟಿನ ಚುಕ್ಕಿಯನ್ನ ಆಯಿಲ್ ಪಂಪ್ ಕೇಸಿನ ಗುರುತಿಗೆ ಕೂಡಿಸಿ. ಹೊರಗಿನ ಫ್ಯಾನ್ ಬೆಲ್ಟ್ ಪುಲ್ಲಿ ಗುರುತನ್ನ ಇಲ್ಲಿ ಲೆಕ್ಕಕ್ಕೆ ತಗೋಬೇಡಿ. ಕ್ಯಾಮ್ ಪುಲ್ಲಿ ಮೇಲೆ ಒಂದಕ್ಕಿಂತ ಹೆಚ್ಚು ಗುರುತಿದ್ರೆ ಯಾವ್ದು ಈ ಇಂಜಿನ್‌ದು ಅಂತ ಸರ್ವೀಸ್ ಪುಸ್ತಕದಲ್ಲಿ ನೋಡಿಯೇ ಕೂಡಿಸಿ. ಇದೇ ಹೊತ್ತಿಗೆ ಸ್ಪ್ರಾಕೆಟ್ ಕೀ (ಸ್ಪ್ರಾಕೆಟ್ಟನ್ನ ಶಾಫ್ಟಿಗೆ ಕಚ್ಚಿಸೋ ತುಂಡು) ಮತ್ತು ಆ ಕೀ ಕೂರೋ ತೋಡು ಸವೆದಿದೆಯಾ ನೋಡಿ. ಕೀಯಲ್ಲಿ ಆಟ ಇದ್ರೆ ಎಷ್ಟು ಚೆನ್ನಾಗಿ ಟೈಮಿಂಗ್ ಕೂರಿಸಿದ್ರೂ ಓಡುತ್ತಾ ಓಡುತ್ತಾ ಬದಲಾಗುತ್ತೆ.

ಬೆಲ್ಟನ್ನ ಮೊದಲು ಕ್ರ್ಯಾಂಕಿಗೆ ಹಾಕಿ, ಎಳೆಯೋ ಬದಿಯನ್ನ ಬಿಗಿಯಾಗಿ ಹಿಡಿದು ಕ್ಯಾಮಿಗೆ ಏರಿಸಿ, ಉಳಿದ ಸಡಿಲೆಲ್ಲ ಟೆನ್ಷನರ್ ಬದಿಗೆ ಬರಲಿ. ಈಗಿರೋ ಸ್ಥಿತಿಯಿಂದ ಕ್ಯಾಮನ್ನ ತಿರುಗೋ ದಿಕ್ಕಿಗೇ, ಅಂದ್ರೆ ಪುಲ್ಲಿ ಕಡೆಯಿಂದ ನೋಡಿದ್ರೆ ಗಡಿಯಾರದ ಮುಳ್ಳಿನ ದಿಕ್ಕಿಗೆ ಒಂದು ಹಲ್ಲು ಸರಿಸಬೇಕು. ಟೆನ್ಷನರ್ ಬೋಲ್ಟನ್ನ ಕೈಬಿಗಿಯಲ್ಲಿ ಬಿಡಿ, ಸ್ಪ್ರಿಂಗ್ ತಾನಾಗಿ ಎಳೀಲಿ. ಮೇಲೆ ಟಾಮಿ ಹಾಕಿ ಒತ್ತಬೇಡಿ, ಬಿಗಿ ಜಾಸ್ತಿ ಆದ್ರೆ ಬೇರಿಂಗ್ ಕೂಗುತ್ತೆ. ಕ್ರ್ಯಾಂಕನ್ನ ಗಡಿಯಾರದ ದಿಕ್ಕಿಗೆ ಎರಡು ಪೂರ್ತಿ ಸುತ್ತು ತಿರುಗಿಸಿ ಆಮೇಲೆ ಟೆನ್ಷನರ್ ಬಿಗಿ ಮಾಡಿ. ಇನ್ನೂ ಎರಡು ಸುತ್ತು ತಿರುಗಿಸಿ ಮಾರ್ಕ್ ನೋಡಿ. ಟಿಡಿಸಿ ದಾಟಿ ಹೋದ್ರೆ ಹಿಂದಕ್ಕೆ ತಿರುಗಿಸಿ ಸರಿ ಮಾಡ್ಬೇಡಿ, ಹಿಂದಕ್ಕೆ ತಿರುಗಿಸಿದ್ರೆ ಸಡಿಲು ಮತ್ತೆ ಎಳೆಯೋ ಬದಿಗೆ ಬರುತ್ತೆ. ಮುಂದಕ್ಕೇ ಎರಡು ಸುತ್ತು ಹಾಕಿ ಬನ್ನಿ. ಕೈಗೆ ಏನಾದ್ರೂ ಗಟ್ಟಿಯಾಗಿ ತಡೆದ್ರೆ ಬಲ ಹಾಕದೆ ಅಲ್ಲೇ ನಿಲ್ಲಿಸಿ.

ಟ್ಯಾಪೆಟ್ ಗ್ಯಾಪ್ ಮತ್ತೆ ಸೆಟ್ ಮಾಡಿ, ಡಯಲ್ ಗೇಜಲ್ಲಿ ಓವರ್‌ಲ್ಯಾಪ್ ಇನ್ನೊಮ್ಮೆ ಅಳೆದು, ಎರಡೂ ವಾಲ್ವ್ ಹತ್ತಿರ ಹತ್ತಿರ ಬಂದ ಮೇಲೇ ಕವರ್ ಮುಚ್ಚಿ.

ಡಿಸ್ಟ್ರಿಬ್ಯೂಟರನ್ನ ಈಗಿರೋ ತುದಿಯಲ್ಲೇ ಬಿಟ್ಟು ಸ್ಟಾರ್ಟ್ ಮಾಡ್ಬೇಡಿ, ಕಿಡಿ ಒಂದು ಹಲ್ಲಿನಷ್ಟು ಮುಂಚೆ ಬಂದು ಸ್ಟಾರ್ಟರನ್ನ ಹಿಂದಕ್ಕೆ ಒದೆಯುತ್ತೆ. ಬೋಲ್ಟನ್ನ ಸ್ಲಾಟಿನ ನಡುವಿಗೆ ತಂದು ಸ್ಟಾರ್ಟ್ ಮಾಡಿ. ಇಂಜಿನ್ ಪೂರ್ತಿ ಬಿಸಿಯಾಗಿ ರೇಡಿಯೇಟರ್ ಫ್ಯಾನ್ ಒಮ್ಮೆ ಓಡಿ ನಿಲ್ಲಲಿ. ಎಸಿ, ಹೆಡ್‌ಲೈಟ್ ಆಫ್. ವ್ಯಾಕ್ಯೂಮ್ ಅಡ್ವಾನ್ಸ್ ಪೈಪ್ ಕಿತ್ತು ಅದರ ಬಾಯಿ ಮುಚ್ಚಿ. ಲೈಟಿನ ಕ್ಲಾಂಪ್ ಒಂದನೇ ಪ್ಲಗ್ ವೈರಿಗೆ, ಬಾಣದ ಗುರುತು ಪ್ಲಗ್ ಕಡೆಗೆ. ಐಡ್ಲಿಂಗನ್ನ ಬಾನೆಟ್ ಸ್ಟಿಕ್ಕರಲ್ಲಿ ಇರೋ ಆರ್‌ಪಿಎಂಗೆ ತಂದು ಅದರಲ್ಲಿರೋ ಡಿಗ್ರಿಗೇ ಸೆಟ್ ಮಾಡಿ. ಕಾಂಟ್ಯಾಕ್ಟ್ ಪಾಯಿಂಟ್ ಇರೋ ಡಿಸ್ಟ್ರಿಬ್ಯೂಟರ್ ಆದ್ರೆ ಪಾಯಿಂಟ್ ಗ್ಯಾಪ್ ಮೊದಲು, ಟೈಮಿಂಗ್ ಆಮೇಲೆ, ಯಾಕಂದ್ರೆ ಗ್ಯಾಪ್ ಬದಲಿಸಿದ್ರೆ ಟೈಮಿಂಗೂ ಬದಲಾಗುತ್ತೆ. ಬೋಲ್ಟ್ ಬಿಗಿ ಮಾಡಿದ ಮೇಲೆ ಲೈಟಲ್ಲಿ ಮತ್ತೊಮ್ಮೆ ನೋಡಿ, ಬಿಗಿ ಮಾಡುವಾಗಲೇ ಒಂದೆರಡು ಡಿಗ್ರಿ ಕದಲುತ್ತೆ.

ಕೊನೆಗೆ ಆಕ್ಸಿಲರೇಟರ್ ಕೊಟ್ಟು 3000 ಆರ್‌ಪಿಎಂ ವರೆಗೆ ಏರಿಸಿ, ಮಾರ್ಕ್ ಅಡ್ವಾನ್ಸ್ ಕಡೆ ಸಲೀಸಾಗಿ ಜರುಗ್ತಾ ಹೋಗ್ಬೇಕು. ಜರುಗದೆ ನಿಂತ್ರೆ, ಇಲ್ಲ ತಡೆತಡೆದು ಹಾರಿದ್ರೆ ಡಿಸ್ಟ್ರಿಬ್ಯೂಟರ್ ಒಳಗಿನ ತೂಕಗಳು ಜಾಮ್ ಆಗಿವೆ, ಬಿಚ್ಚಿ ತೊಳೆದು ಎಣ್ಣೆ ಬಿಡಿ. ವ್ಯಾಕ್ಯೂಮ್ ಪೈಪನ್ನ ಬಾಯಲ್ಲಿ ಎಳೆದು ನಾಲಿಗೆಯಿಂದ ಮುಚ್ಚಿ ಹಿಡಿದ್ರೆ ಎಳೆತ ನಿಲ್ಲಬೇಕು, ಇಳಿದು ಹೋದ್ರೆ ಡಯಾಫ್ರಂ ಹರಿದಿದೆ. ಇಷ್ಟಾದ ಮೇಲೆ ವ್ಯಾಕ್ಯೂಮ್ ಗೇಜ್ ಮತ್ತೆ ಹಾಕಿ 16 ದಾಟುತ್ತಾ ನೋಡಿ, ರೀಡಿಂಗ್ ಇಲ್ಲೇ ಬರೀರಿ.